ನೀಲಿ ಎಲ್ಲಿದೆ ಸಾರ್?

ಮೊದಲ ಸಲ ಕುರಿಯ ಗುಂಡಿಗೆಯನ್ನು ಕ್ಲಾಸಿಗೆ ತಂದ ದಿನ ನನಗೆ ಎದುರಾದ ಮೊದಲ ಪ್ರಶ್ನೆ ಇದು. ಕೇಳಿದವಳು ಹತ್ತನೇ ತರಗತಿಯ ಹುಡುಗಿ. ಹೃದಯದ ಚಿತ್ರವನ್ನು ಅಚ್ಚುಕಟ್ಟಾಗಿ ಬರೆಯುವವಳು. ಬಲಭಾಗಕ್ಕೆ ನೀಲಿ, ಎಡಭಾಗಕ್ಕೆ ಕೆಂಪು, ಒಂದು ಹೆಸರೂ ತಪ್ಪುವುದಿಲ್ಲ. ಅವತ್ತು ಟ್ರೇನಲ್ಲಿದ್ದ ಗುಂಡಿಗೆಯನ್ನು ತುಂಬ ಹೊತ್ತು ನೋಡಿದಳು. ಟ್ರೇಯನ್ನೇ ತಿರುಗಿಸಿ ಆ ಕಡೆಯಿಂದಲೂ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ನೀಲಿ ಎಲ್ಲಿದೆ ಸಾರ್?"

ಅಷ್ಟರಲ್ಲಾಗಲೇ ನಾನು ಹದಿನಾಲ್ಕು ವರ್ಷ ವಿಜ್ಞಾನ ಪಾಠ ಮಾಡಿದ್ದೆ. ಆಮ್ಲಜನಕ ಕಡಿಮೆ ಇರುವ ರಕ್ತವೂ ಕೆಂಪೇ, ಬಣ್ಣ ಸ್ವಲ್ಪ ಗಾಢ ಅಷ್ಟೆ. ಎರಡೂ ಬೇರೆ ಅಂತ ತೋರಿಸುವುದಕ್ಕೆ ಚಿತ್ರದಲ್ಲಿ ನೀಲಿ ಹಾಕುತ್ತಾರೆ. ಇಷ್ಟು ಸಣ್ಣ ಮಾತನ್ನು ನಾನು ಯಾವತ್ತೂ ಬಾಯಿಬಿಟ್ಟು ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ, ಹಾಗಾಗಿ ಹೇಳಬೇಕು ಅಂತಲೂ ಅನ್ನಿಸಿರಲಿಲ್ಲ. ಗೋಡೆಯ ಮೇಲಿನ ಚಾರ್ಟ್ ನೋಡಿ ಯಾರಿಗೂ ಈ ಅನುಮಾನ ಬರುವುದಿಲ್ಲ ಅಲ್ವಾ? ಚಾರ್ಟಿನಲ್ಲಿ ನೀಲಿ ಇದೆ!

ನಾನು ತುಮಕೂರು ಜಿಲ್ಲೆಯ ಶಿರಾ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನ ಮೇಷ್ಟ್ರು. ನಮ್ಮದು ಕುರಿ ಸಾಕುವ ಸೀಮೆ. ಬೆಳಿಗ್ಗೆ ಸ್ಕೂಲಿಗೆ ಬರುವ ದಾರಿಯಲ್ಲಿ ಎರಡು ಮೂರು ಮಂದೆ ಎದುರಾಗದ ದಿನ ಇಲ್ಲ. ನನ್ನ ಮಕ್ಕಳಲ್ಲಿ ಅರ್ಧಕ್ಕರ್ಧ ಜನ ಕುರಿಯ ಜೊತೆಗೇ ಬೆಳೆದವರು. ಕುರಿ ಯಾವಾಗ ಗಬ್ಬ ಆಯಿತು, ಯಾವುದಕ್ಕೆ ಜ್ವರ, ಯಾವುದು ಮೇವು ಬಿಟ್ಟಿದೆ, ಎಲ್ಲ ಹೇಳುತ್ತಾರೆ. ಅಂಥ ಮಕ್ಕಳಿಗೆ ನಾನು ವರ್ಷಗಟ್ಟಲೆ ಸೀಮೆಸುಣ್ಣದಲ್ಲಿ ಗುಂಡಿಗೆ ಬರೆದು ತೋರಿಸುತ್ತಿದ್ದೆ. ಕುರಿ ಹೊರಗೆ, ಪಾಠ ಒಳಗೆ. ನಡುವೆ ಒಂದು ಗೋಡೆ.

ನಾನು ಕಲಿತ ರೀತಿಯೂ ಇದಕ್ಕೆ ಕಾರಣ ಇರಬೇಕು. ತೊಂಬತ್ತರ ದಶಕದಲ್ಲಿ ಬಿ.ಎಸ್ಸಿ. ಮಾಡಿದವನು ನಾನು. ಪ್ರಾಣಿಶಾಸ್ತ್ರದ ಪ್ರಾಕ್ಟಿಕಲ್ ಅಂದರೆ ಜಿರಲೆ, ಎರೆಹುಳು, ಕಪ್ಪೆ, ಆಮೇಲೆ ಕೊಳೆಯದಿರಲಿ ಅಂತ ಫಾರ್ಮಲಿನ್‌ನಲ್ಲಿ ಅದ್ದಿಟ್ಟ ಸಣ್ಣ ಶಾರ್ಕ್ ಮೀನು. ಮೇಣದ ಟ್ರೇ, ಗುಂಡುಪಿನ್ನು, ಕತ್ತರಿ. ಜಿರಲೆಯ ನರ ಕಾಣಲಿ ಅಂತ ಅದರ ಕೆಳಗೆ ಕಪ್ಪು ಕಾಗದದ ಚೂರು ತೂರಿಸುತ್ತಿದ್ದೆವು. ಪಿನ್ನಿಗೆ ಪುಟ್ಟ ಕಾಗದ ಅಂಟಿಸಿ ಭಾಗದ ಹೆಸರು ಬರೆದು ಚುಚ್ಚುವುದಕ್ಕೆ 'ಫ್ಲ್ಯಾಗ್ ಲೇಬಲಿಂಗ್' ಅನ್ನುತ್ತಿದ್ದರು. ಪರೀಕ್ಷೆಯಲ್ಲಿ ಅದಕ್ಕೇ ಅಂಕ.

ಕಪ್ಪೆಗಳನ್ನು ಒಬ್ಬರು ಒದ್ದೆ ಗೋಣಿಚೀಲದಲ್ಲಿ ತಂದುಕೊಡುತ್ತಿದ್ದರು. ಕ್ಲೋರೋಫಾರ್ಮ್ ಹಾಕಿದ ಜಾಡಿಯಲ್ಲಿಟ್ಟು, ಅಲ್ಲಾಡುವುದು ನಿಂತ ಮೇಲೆ ಟ್ರೇಗೆ ತೆಗೆಯಬೇಕು. ನನ್ನ ಕಪ್ಪೆಯ ಎದೆ ಬಿಡಿಸಿದಾಗ ಒಳಗೆ ಗುಂಡಿಗೆ ಬಡಿಯುತ್ತಿತ್ತು. ನಿಧಾನಕ್ಕೆ, ತನ್ನ ಪಾಡಿಗೆ ತಾನು. ನಾನು ಕತ್ತರಿ ಕೆಳಗಿಟ್ಟು ನೋಡುತ್ತ ನಿಂತೆ. ಬೇಗ ಲೇಬಲ್ ಹಾಕು, ಟೈಮ್ ಆಯ್ತು ಅಂದರು. ಮೂರು ಕೋಣೆಗಳ ಹೆಸರು ಬರೆದು ಚುಚ್ಚಿದೆ. ಅಂಕ ಬಂತು. ದೇಹದಿಂದ ಯಾವ ಆಜ್ಞೆಯೂ ಇಲ್ಲದೆ ಗುಂಡಿಗೆ ಹೇಗೆ ತಾನಾಗಿಯೇ ಬಡಿಯುತ್ತದೆ ಅಂತ ಅವತ್ತು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಗುಂಡಿಗೆಯ ಒಳಗೇ ತಾಳ ಹಾಕುವ ಜೀವಕೋಶಗಳಿವೆ ಅಂತ ಓದಿ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಆ ಕಪ್ಪೆಯ ಜೀವ ತೆಗೆದು ನಾನು ಕಲಿತದ್ದು ಬರೀ ಮೂರು ಹೆಸರು. ಅದು ನನ್ನ ಮನಸ್ಸಿನಿಂದ ಇವತ್ತಿಗೂ ಹೋಗಿಲ್ಲ.

ಈಗ ಅದೆಲ್ಲ ನಿಂತಿದೆ, ನಿಲ್ಲಬೇಕಾದದ್ದೇ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲೇ ಒಂದು ಮಾತಿದೆ. ಪುಸ್ತಕ, ಮಾದರಿ, ಫಿಲ್ಮುಗಳಿಂದ ಕಲಿಸಲು ಸಾಧ್ಯವಿದ್ದರೆ ಪ್ರಾಣಿಗಳ ಮೇಲೆ ಪ್ರಯೋಗ ಬೇಡ ಅಂತ. ಆದರೂ ಹತ್ತಾರು ವರ್ಷ ಕಾಲೇಜುಗಳಲ್ಲಿ ಕಪ್ಪೆ ಕೊಯ್ಯುವುದು ನಡೆದೇ ಇತ್ತು. ವಿಶ್ವವಿದ್ಯಾಲಯಗಳ ಮೇಲ್ವಿಚಾರಣೆ ನೋಡುವ ಯುಜಿಸಿ 2011ರಲ್ಲಿ ಇದನ್ನು ಹಂತಹಂತವಾಗಿ ಕಡಿಮೆ ಮಾಡಿ ಎಂದಿತು. 2014ರಲ್ಲಿ ಪ್ರಾಣಿಶಾಸ್ತ್ರದ ಪದವಿ ತರಗತಿಗಳಲ್ಲಿ ಪೂರ್ತಿ ನಿಲ್ಲಿಸಿ ಎಂದಿತು. ಆ ಸುದ್ದಿ ಓದಿದ ದಿನ ನನಗೆ ನಿಜವಾಗಿ ಸಮಾಧಾನ ಆಯಿತು.

ಆದರೆ ಪ್ರಾಣಿಯನ್ನು ಕೊಲ್ಲುವುದು ನಿಂತಾಗ, ಮುಟ್ಟಿ ನೋಡುವುದೂ ನಿಂತುಹೋಯಿತು. ಅದು ನಿಲ್ಲಬೇಕಾಗಿರಲಿಲ್ಲ. ಊರಿನ ಮಟನ್ ಅಂಗಡಿಯಲ್ಲಿ ಗುಂಡಿಗೆ, ಶ್ವಾಸಕೋಶ, ಕಣ್ಣು ದಿನಾ ಇರುತ್ತವೆ. ಕ್ಲಾಸಿಗಾಗಿ ಒಂದು ಕುರಿಯೂ ಹೆಚ್ಚಿಗೆ ಸಾಯಬೇಕಿಲ್ಲ. ಕೆಲವು ಭಾಗಗಳನ್ನು ಯಾರೂ ಕೊಳ್ಳುವುದೂ ಇಲ್ಲ, ನಾಯಿಗೆ ಹೋಗುತ್ತವೆ. ಇದು ನನಗೆ ಹೊಳೆಯಲು ಹದಿನಾಲ್ಕು ವರ್ಷ ಬೇಕಾಯಿತು.

ಹೊಳೆದದ್ದೂ ಒಬ್ಬ ಹುಡುಗನಿಂದ. ಹಿಂದಿನ ಬೆಂಚಿನವನು. ಪರೀಕ್ಷೆಯಲ್ಲಿ ಹದಿನೈದು ಇಪ್ಪತ್ತು ಅಂಕ ತೆಗೆಯುವವನು. 'ಜೀವಕ್ರಿಯೆಗಳು' ಪಾಠ ಮಾಡುವಾಗ, ಎಡ ಹೃತ್ಕುಕ್ಷಿಯ, ಅಂದರೆ ಗುಂಡಿಗೆಯ ಕೆಳಗಿನ ಎಡ ಕೋಣೆಯ ಗೋಡೆ ಬಲಗಡೆಯದಕ್ಕಿಂತ ದಪ್ಪ ಅಂದೆ. ಅವನು ಪಕ್ಕದವನಿಗೆ ಪಿಸುಗುಟ್ಟಿದ, "ಹೂಂ, ಅದೇ ಬೇಯೋದು ಲೇಟು." ಏನೋ ಅದು ಅಂತ ಕೇಳಿದೆ. ಹೆದರಿಕೊಂಡ. ಅವರಪ್ಪನದು ಮಟನ್ ಅಂಗಡಿ ಅಂತ ನನಗೆ ಗೊತ್ತಾದದ್ದೇ ಅವತ್ತು. ಎರಡು ವರ್ಷದಿಂದ ನನ್ನ ಕ್ಲಾಸಿನಲ್ಲಿದ್ದಾನೆ! ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದುದನ್ನು ಅವನು ದಿನಾ ಬೆಳಿಗ್ಗೆ ಕೈಯಲ್ಲಿ ಹಿಡಿಯುತ್ತಿದ್ದ.

ಮುಂದಿನ ಬುಧವಾರ ಗುಂಡಿಗೆ ಬಂತು. ಬುಧವಾರವೇ ಯಾಕೆ ಅಂದರೆ ಸೋಮವಾರ, ಶನಿವಾರ ನಮ್ಮ ಕಡೆ ಮಾಂಸ ತಿನ್ನುವವರು ಕಡಿಮೆ, ತಾಜಾ ಸಿಗುವುದು ಕಷ್ಟ. ಅಂಗಡಿಯವರು ಸಾಮಾನ್ಯವಾಗಿ ಗುಂಡಿಗೆಗೆ ಒಂದು ಗೀಟು ಹಾಕಿ ರಕ್ತ ತೊಳೆದುಬಿಡುತ್ತಾರೆ, ಮೇಲಿನ ಕೊಳವೆಗಳನ್ನು ಕತ್ತರಿಸಿ ಎಸೆಯುತ್ತಾರೆ. ನಮಗೆ ಆ ಕೊಳವೆಗಳೇ ಬೇಕು. ಹಾಗಾಗಿ ಮೊದಲೇ ಹೇಳಿಟ್ಟಿರಬೇಕು: ಗೀಟು ಹಾಕಬೇಡಿ, ಕೊಳವೆ ಉದ್ದ ಬಿಡಿ.

ಕೈಗೆ ಗ್ಲೋವ್ಸ್ ಹಾಕಿಸಿ, ಮೊದಲು ಕತ್ತರಿ ಮುಟ್ಟಬೇಡಿ ಅಂದೆ. ಸುಮ್ನೆ ಒತ್ತಿ ನೋಡಿ. ಎಡ ಯಾವುದು, ಬಲ ಯಾವುದು ಹೇಳಿ. ಚಿತ್ರದಲ್ಲಿ ಎಡ ಬಲ ಅದಲುಬದಲು ಆಗಿ ಮಕ್ಕಳಿಗೆ ಯಾವಾಗಲೂ ಗೊಂದಲ. ಕೈಯಲ್ಲಿ ಹಿಡಿದಾಗ ಗೊಂದಲವೇ ಇಲ್ಲ. ಒಂದು ಕಡೆ ಮೆತ್ತಗೆ ಒಳಕ್ಕೆ ಹೋಗುತ್ತದೆ, ಇನ್ನೊಂದು ಕಡೆ ಬಿಗಿಯಾಗಿ ನಿಲ್ಲುತ್ತದೆ. ಬಿಗಿ ಇರುವುದು ಎಡ. ಅದು ಇಡೀ ದೇಹಕ್ಕೆ ರಕ್ತ ತಳ್ಳಬೇಕು. ಮೆತ್ತಗಿನದು ಪಕ್ಕದ ಶ್ವಾಸಕೋಶಕ್ಕೆ ಕಳಿಸಿದರೆ ಸಾಕು. ಈ ಮಾತನ್ನು ನಾನು ಹೇಳುವ ಮೊದಲೇ ನಾಲ್ಕು ಮಕ್ಕಳು ಹೇಳಿಬಿಟ್ಟರು.

ಆಮೇಲೆ ಮಹಾಪಧಮನಿಯ, ಅಂದರೆ ಗುಂಡಿಗೆಯಿಂದ ದೇಹಕ್ಕೆ ರಕ್ತ ಒಯ್ಯುವ ದೊಡ್ಡ ಕೊಳವೆಯ ಬಾಯಿಗೆ ನೀರು ಸುರಿದೆವು. ನೀರು ಕೆಳಕ್ಕೆ ಇಳಿಯಲಿಲ್ಲ, ಅಲ್ಲೇ ತುಂಬಿ ನಿಂತಿತು. ಅಲ್ಲಿ ಮೂರು ಪುಟ್ಟ ಜೇಬಿನಂಥ ಕವಾಟಗಳಿವೆ. ಮೇಲಿನಿಂದ ಒತ್ತಡ ಬಿದ್ದರೆ ಜೇಬು ಉಬ್ಬಿ ದಾರಿ ಮುಚ್ಚುತ್ತದೆ. ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟಾಗ ಕೇಳುವ 'ಲಬ್ ಡಬ್'ನಲ್ಲಿ ಆ 'ಡಬ್' ಈ ಬಾಗಿಲು ಮುಚ್ಚುವ ಸದ್ದು. ಒಬ್ಬ ಹುಡುಗ ತನ್ನ ಎದೆಯ ಮೇಲೆ ಕೈ ಇಟ್ಟುಕೊಂಡು ಕಣ್ಣು ಮುಚ್ಚಿ ನಿಂತುಬಿಟ್ಟ. ನಾನು ಅವನನ್ನು ಮಾತಾಡಿಸಲಿಲ್ಲ.

ಬಿಡಿಸುವುದಕ್ಕೆ ಆ ಹಿಂದಿನ ಬೆಂಚಿನ ಹುಡುಗನನ್ನೇ ಕರೆದೆ. ಅವನ ಕೈ ನೋಡಬೇಕಿತ್ತು. ನಾನಾಗಿದ್ದರೆ ಎಲ್ಲೆಲ್ಲೋ ಕತ್ತರಿ ಹಾಕುತ್ತಿದ್ದೆ. ಅವನು ಬೆರಳು ಒಳಗೆ ಹಾಕಿ, ದಾರಿ ತಿಳಿದುಕೊಂಡು, ಬೆರಳಿನ ಮೇಲೆಯೇ ಕತ್ತರಿ ನಡೆಸಿದ. ಒಳಗೆ ಬಿಳಿ ದಾರಗಳು ಕಂಡವು. ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಇರುವ ಕವಾಟದ ಅಂಚಿನಿಂದ ಗೋಡೆಯ ಸ್ನಾಯುವಿಗೆ ಕಟ್ಟಿದ ದಾರಗಳು. "ಗಾಳಿಪಟದ ಸೂತ್ರ ಇದ್ದಂಗಿದೆ" ಅಂದ ಒಬ್ಬ. ಇದಕ್ಕಿಂತ ಚೆನ್ನಾಗಿ ನಾನು ಯಾವತ್ತೂ ಹೇಳಿರಲಿಲ್ಲ. ಸೂತ್ರ ಇಲ್ಲದಿದ್ದರೆ ಪಟ ಹಿಂದಕ್ಕೆ ಮಗುಚಿಕೊಳ್ಳುತ್ತದೆ. ಈ ದಾರ ಇಲ್ಲದಿದ್ದರೆ ಕವಾಟವೂ ಹಾಗೆಯೇ ಮೇಲಕ್ಕೆ ಮಗುಚಿ ರಕ್ತ ಹಿಂದಕ್ಕೆ ಹೋಗುತ್ತದೆ. ಅವನು ದಾರವನ್ನು ಪೆನ್ನಿನ ತುದಿಯಿಂದ ಎಳೆದು ನೋಡಿದ. ತುಂಡಾಗಲಿಲ್ಲ. "ಇದು ಎಷ್ಟು ಗಟ್ಟಿ ಅಂದ್ರೆ ಹಲ್ಲಿಗೆ ಸಿಕ್ಕಿಕೊಳ್ಳುತ್ತೆ ಸಾರ್" ಅಂದ ಮಟನ್ ಅಂಗಡಿಯ ಹುಡುಗ. ಎಲ್ಲರೂ ನಕ್ಕರು. ಎರಡು ವರ್ಷದಲ್ಲಿ ಮೊದಲ ಸಲ ಅವನ ಮಾತು ಇಡೀ ಕ್ಲಾಸಿಗೆ ಕೇಳಿಸಿತ್ತು.

ಎಲ್ಲವೂ ಹೀಗೇ ಚೆನ್ನಾಗಿ ನಡೆಯಿತು ಅಂತಲ್ಲ. ಅದೇ ವರ್ಷ ಒಂದು ತಪ್ಪು ಮಾಡಿದೆ. ಇನ್ನೊಂದು ಸೆಕ್ಷನ್‌ನಲ್ಲಿ ಒಬ್ಬ ಹುಡುಗಿ ಬಾಗಿಲ ಹತ್ತಿರವೇ ನಿಂತಿದ್ದಳು. ಮನೆಯಲ್ಲಿ ಮಾಂಸ ಮುಟ್ಟದವಳು. ಸೈನ್ಸ್ ಅಂದ ಮೇಲೆ ನೋಡಲೇಬೇಕಮ್ಮ ಅಂತ ಟೇಬಲ್ಲಿನ ಹತ್ತಿರ ಕರೆದೆ. ಬಂದಳು. ವಾಂತಿ ಮಾಡಿಕೊಂಡಳು. ಎರಡು ದಿನ ಸ್ಕೂಲಿಗೆ ಬರಲಿಲ್ಲ. ಅವರಪ್ಪ ಬಂದು ಜಗಳ ಆಡಲಿಲ್ಲ. "ಮುಂಚೆನೇ ಒಂದು ಮಾತು ಹೇಳಬಹುದಿತ್ತು ಮೇಷ್ಟ್ರೆ" ಅಂದರು, ಅಷ್ಟೆ. ಅವರು ಹೇಳಿದ್ದು ಸರಿ. ಕ್ಲೋರೋಫಾರ್ಮ್ ಜಾಡಿಯ ಮುಂದೆ ನನ್ನನ್ನು ಯಾರೂ ಕೇಳಿರಲಿಲ್ಲ, ನಾನು ಅವಳನ್ನು ಕೇಳಲಿಲ್ಲ. ಎರಡೂ ಒಂದೇ.

ಅವತ್ತಿನಿಂದ ಮೂರು ದಿನ ಮುಂಚೆ ಹೇಳುತ್ತೇನೆ. ಬೇಡ ಅನ್ನುವವರಿಗೆ ಅದೇ ಗಂಟೆಯಲ್ಲಿ ದಾಸವಾಳ. ಹೂವನ್ನು ಬಿಡಿಸಿ, ಅಂಡಾಶಯವನ್ನು ಅಡ್ಡಕ್ಕೆ ಕೊಯ್ದು, ಭೂತಗನ್ನಡಿಯಲ್ಲಿ ನೋಡಿ ಬರೆಯಬೇಕು. ಅದೂ ಸಣ್ಣ ಕೆಲಸ ಅಲ್ಲ. ಕಾರಣ ಕೇಳುವುದಿಲ್ಲ, ಅಂಕ ಕಡಿಮೆ ಮಾಡುವುದಿಲ್ಲ. ಯಾರು ಬೇಡ ಅನ್ನುತ್ತಾರೆ ಅಂತ ನಾವೇ ಊಹಿಸಲೂ ಬಾರದು. ಒಂದು ವರ್ಷ ಕುರಿ ಕಾಯುವ ಮನೆಯ ಹುಡುಗಿಯೇ ದಾಸವಾಳದ ಕಡೆ ಹೋದಳು. ಮಟನ್ ತಿನ್ನುವವಳು. ಆದರೆ ತಾನು ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ ಮರಿ ನೆನಪಾಗುತ್ತದೆ ಅಂದಳು. ಇನ್ನೊಂದು ಕಡೆ, ಮೊಟ್ಟೆಯೂ ತಿನ್ನದ ಮನೆಯ ಹುಡುಗ ಎಲ್ಲರಿಗಿಂತ ಮುಂದೆ ನಿಂತು ಪ್ರಶ್ನೆ ಕೇಳುತ್ತಿದ್ದ.

ಕಣ್ಣಿನ ಪಾಠದ ದಿನ ನನಗೆ ಈಗಲೂ ಹಬ್ಬ. ಮಾನವನ ಕಣ್ಣುಗುಡ್ಡೆಯ ವ್ಯಾಸ ಸುಮಾರು 2.3 ಸೆಂ.ಮೀ. ಅಂತ ಪುಸ್ತಕ ಹೇಳುತ್ತದೆ. ಮಕ್ಕಳು ಸ್ಕೇಲ್ ಇಟ್ಟು ಕುರಿಯದನ್ನು ಅಳೆದರು, ಸ್ವಲ್ಪ ದೊಡ್ಡದು ಬಂತು. ಹೊರಗಿನ ಬಿಳಿ ಪದರ ಸೈಕಲ್ ಟ್ಯೂಬಿನಷ್ಟು ಗಟ್ಟಿ, ಅದನ್ನು ಕೊಯ್ಯುವುದು ಮಾತ್ರ ನನ್ನದೇ ಕೆಲಸ. ಬ್ಲೇಡ್ ಮಕ್ಕಳ ಕೈಗೆ ಕೊಡುವುದಿಲ್ಲ. ಒಳಗಿನ ಮಸೂರವನ್ನು ತೆಗೆದು ನ್ಯೂಸ್ ಪೇಪರಿನ ಮೇಲಿಟ್ಟರೆ ಅಕ್ಷರ ದೊಡ್ಡದಾಗಿ ಕಾಣುತ್ತದೆ. ಕೈಯಲ್ಲಿ ಹಿಡಿದು ಕಿಟಕಿಯ ಕಡೆ ನೋಡಿದರೆ ಹೊರಗಿನ ಬೇವಿನ ಮರ ತಲೆಕೆಳಗು. ಆದರೆ ತಾಜಾ ಇರಬೇಕು, ತಡವಾದರೆ ಮಸೂರ ಮಂಜಾಗುತ್ತದೆ. ಆ ಮಂಜನ್ನು ನೋಡಿ ಒಬ್ಬಳು "ನಮ್ಮಜ್ಜಿ ಕಣ್ಣಿಗೆ ಬಂದಿದ್ದು ಇದೇನಾ?" ಅಂದಳು. ಮಂಜಾಗಲು ಕಾರಣ ಬೇರೆ, ಆದರೆ ಮಂಜಾದ ಜಾಗ ಇದೇ. ಅಜ್ಜಿಯ ಪೊರೆಯ ಆಪರೇಷನ್‌ನಲ್ಲಿ ಡಾಕ್ಟರು ಏನು ತೆಗೆದರು, ಅದರ ಜಾಗದಲ್ಲಿ ಏನು ಇಟ್ಟರು ಅಂತ ಹೇಳುವುದಕ್ಕೆ ಎರಡು ನಿಮಿಷ ಸಾಕಾಯಿತು.

ಹಿಂದಿನ ಗೋಡೆಯಲ್ಲಿ ನವಿಲುಗರಿಯಂಥ ನೀಲಿ ಹಸಿರು ಹೊಳಪು. ಮನುಷ್ಯರ ಕಣ್ಣಿನಲ್ಲಿ ಆ ಪದರ ಇಲ್ಲ, ಹಾಗಾಗಿ ನಮ್ಮ ಪಾಠದಲ್ಲಿ ಅದರ ಮಾತೇ ಇಲ್ಲ. ಒಳಬಂದ ಬೆಳಕನ್ನು ಅದು ಮತ್ತೊಮ್ಮೆ ರೆಟಿನಾಗೆ, ಅಂದರೆ ಬೆಳಕನ್ನು ಗ್ರಹಿಸುವ ಪರದೆಗೆ ಹೊಡೆಯುತ್ತದೆ, ಮಬ್ಬಿನಲ್ಲಿ ಕುರಿಗೆ ಚೆನ್ನಾಗಿ ಕಾಣುತ್ತದೆ. ರಾತ್ರಿ ಟಾರ್ಚ್ ಬಿಟ್ಟಾಗ ಹಟ್ಟಿಯಲ್ಲಿ ಮಿಂಚುವ ಕಣ್ಣುಗಳು ಮಕ್ಕಳಿಗೆ ಚಿಕ್ಕಂದಿನಿಂದ ಗೊತ್ತು. ಯಾಕೆ ಅಂತ ಅವತ್ತು ಕಂಡರು. ಕಣ್ಣಿನ ಪಾಪೆ ದುಂಡಗಿಲ್ಲ, ಅಡ್ಡಕ್ಕೆ ಮಲಗಿದ ಪಟ್ಟಿ. ಅದರಿಂದ ಸುತ್ತಲಿನ ನೆಲ ಅಗಲವಾಗಿ ಕಾಣುತ್ತದೆ ಅಂದೆ. "ಅದಕ್ಕೇ ಪಕ್ಕದಿಂದ ಹೋದ್ರೂ ಹಿಡಿಯೋಕಾಗಲ್ಲ, ಹಿಂದೆಯಿಂದಲೇ ಹೋಗಬೇಕು" ಅಂತ ಕುರಿ ಕಾಯುವ ಹುಡುಗರು ಒಬ್ಬರಿಗೊಬ್ಬರು ಹೇಳಿಕೊಂಡರು.

ನೀಲಿ ಎಲ್ಲಿದೆ ಅಂತ ಕೇಳಿದವಳಿಗೆ ಇಲ್ಲಿ ನಿಜವಾದ ನೀಲಿ ಸಿಕ್ಕಿತು. ಅವಳು ಅದನ್ನು ಬಣ್ಣದ ಪೆನ್ಸಿಲ್‌ನಲ್ಲಿ ಬರೆಯಲು ಒದ್ದಾಡಿದಳು, ಆ ಬಣ್ಣ ಬರಲೇ ಇಲ್ಲ.

ವಿಡಿಯೋ ಇದೆಯಲ್ಲ, ಇಷ್ಟೆಲ್ಲ ಯಾಕೆ ಅಂತ ಜೊತೆಯ ಮೇಷ್ಟ್ರು ಕೇಳುತ್ತಾರೆ. ವಿಡಿಯೋ ನಾನೂ ತೋರಿಸುತ್ತೇನೆ. ಬಡಿಯುವ ಗುಂಡಿಗೆಯಲ್ಲಿ ರಕ್ತ ಹೇಗೆ ಓಡುತ್ತದೆ ಅಂತ ಅದರಷ್ಟು ಚೆನ್ನಾಗಿ ಟ್ರೇ ತೋರಿಸುವುದಿಲ್ಲ. ಆದರೆ ವಿಡಿಯೋದಲ್ಲಿ ದಪ್ಪ, ತೆಳು, ಬಿಗಿ, ಜಾರು ಯಾವುದೂ ಗೊತ್ತಾಗುವುದಿಲ್ಲ. ಮುಖ್ಯವಾಗಿ, ವಿಡಿಯೋ ಮಾಡಿದವರು ಏನು ತೋರಿಸಬೇಕು ಅಂದುಕೊಂಡರೋ ಅದು ಮಾತ್ರ ಅದರಲ್ಲಿರುತ್ತದೆ. ಕುರಿ ಹಾಗಲ್ಲ.

ಇದು ನನಗೆ ಪೂರ್ತಿ ತಿಳಿದದ್ದು ಶ್ವಾಸಕೋಶದ ದಿನ. ಗಾಳಿಕೊಳವೆ ಸಮೇತ ತರಿಸಿದ್ದೆ. ಬಾಯಿಂದ ಊದಬಾರದು ಅಂತ ಸೈಕಲ್ ಪಂಪಿಗೆ ಪ್ಲಾಸ್ಟಿಕ್ ಪೈಪು ಕಟ್ಟಿ ಗಾಳಿ ಹೊಡೆದೆವು. ಮುದ್ದೆಯಾಗಿ ಬಿದ್ದಿದ್ದ ಗಾಢ ಗುಲಾಬಿ ಮಾಂಸ ಉಬ್ಬುತ್ತ ಉಬ್ಬುತ್ತ ತಿಳಿ ಗುಲಾಬಿ ಆಯಿತು. ಕ್ಲಾಸಿನಲ್ಲಿ ಒಂದು ಸದ್ದಿಲ್ಲ. ಪಂಪ್ ತೆಗೆದಾಗ ತಾನಾಗಿಯೇ ಕುಗ್ಗಿತು. ಉಸಿರು ಬಿಡುವುದಕ್ಕೆ ಯಾಕೆ ಶ್ರಮ ಬೇಡ ಅನ್ನುವುದು ಅಷ್ಟರಲ್ಲೇ ಇತ್ತು. ಒಂದು ಚೂರು ಕತ್ತರಿಸಿ ನೀರಿಗೆ ಹಾಕಿದರೆ ತೇಲಿತು, ಪಕ್ಕದಲ್ಲಿ ಹಾಕಿದ ಲಿವರ್ ಚೂರು ಮುಳುಗಿತು. ಗಾಳಿಕೊಳವೆಯ ಉಂಗುರಗಳ ಹಿಂಭಾಗ ತೆರೆದಿರುವುದನ್ನು ಮುಟ್ಟಿ ನೋಡಿ, ಎಲ್ಲರೂ ತಮ್ಮ ತಮ್ಮ ಗಂಟಲು ಸವರಿಕೊಂಡರು.

ಆಗ ಮಟನ್ ಅಂಗಡಿಯ ಹುಡುಗ ಅಂದ, "ಸಾರ್, ಕೊಳವೆ ಎರಡು ಕವಲಾಗುತ್ತೆ ಅಂದ್ರಿ. ಇಲ್ಲಿ ಮೂರಿದೆ."

ನೋಡಿದೆ. ನಿಜ. ಗಾಳಿಕೊಳವೆ ಎರಡಾಗುವ ಜಾಗಕ್ಕಿಂತ ಸ್ವಲ್ಪ ಮೇಲೆ, ಬಲಗಡೆಗೆ ಇನ್ನೊಂದು ಸಣ್ಣ ಕವಲು ಹೊರಟು ಶ್ವಾಸಕೋಶದ ಮೇಲಿನ ಭಾಗಕ್ಕೆ ಹೋಗಿತ್ತು. ಈ ಕುರಿಯಲ್ಲಿ ಏನೋ ವಿಚಿತ್ರ ಇರಬೇಕು ಅಂದುಕೊಂಡೆ. ಗೊತ್ತಿಲ್ಲ ಕಣೋ, ತಿಳಿದುಕೊಂಡು ಹೇಳುತ್ತೇನೆ ಅಂದೆ. ಸಂಜೆ ಪರಿಚಯದ ಪಶುವೈದ್ಯರಿಗೆ ಫೋನ್ ಮಾಡಿದೆ. ಅವರು ಅದರಲ್ಲೇನು ವಿಶೇಷ ಅನ್ನುವ ಹಾಗೆ ಹೇಳಿದರು: ಕುರಿ, ಮೇಕೆ, ದನ, ಹಂದಿ ಎಲ್ಲದಕ್ಕೂ ಅದು ಇರುತ್ತದೆ. ಆದರೆ ಮನುಷ್ಯರಲ್ಲಿ ಅಪರೂಪ. ಬಿ.ಎಸ್ಸಿ. ಓದಿ, ಬಿ.ಎಡ್. ಮಾಡಿ, ಅಷ್ಟು ವರ್ಷ ಪಾಠ ಹೇಳಿದ ನನಗೆ ಇದು ಗೊತ್ತಿರಲಿಲ್ಲ. ಹುಡುಗನ ಕಣ್ಣಿಗೆ ಬಿತ್ತು. ಮರುದಿನ ಅವನ ಹೆಸರು ಹೇಳಿ ಬೋರ್ಡಿನ ಮೇಲೆ ಆ ಮೂರನೇ ಕವಲನ್ನು ಬರೆದೆ. ಅವನು ತಲೆ ತಗ್ಗಿಸಿಕೊಂಡು ಕೂತಿದ್ದ, ಕಿವಿ ಕೆಂಪಾಗಿತ್ತು.

ಇದನ್ನು ಮಾಡಬೇಕು ಅನ್ನುವ ಮೇಷ್ಟ್ರುಗಳಿಗೆ ಎರಡು ಮಾತು. ಅದೇ ದಿನದ ಮಾಲು ತನ್ನಿ, ಫಾರ್ಮಲಿನ್ ಹತ್ತಿರವೂ ಸೇರಿಸಬೇಡಿ, ಅದು ಕ್ಯಾನ್ಸರ್ ತರುವ ವಸ್ತು. ಬಿಸಿಯೂಟದ ಪಾತ್ರೆ, ಅಡುಗೆಮನೆಯ ನೀರಿನ ಜಾಗ ಇದರಿಂದ ದೂರ ಇರಲಿ. ಸೋಪಿನಲ್ಲಿ ಕೈ ತೊಳೆಸಿ, ನೀವು ನಿಂತು ನೋಡಿ. ಉಳಿದದ್ದನ್ನು ಆಳವಾಗಿ ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚಿ, ಇಲ್ಲದಿದ್ದರೆ ರಾತ್ರಿ ನಾಯಿಗಳು ಎಳೆದಾಡುತ್ತವೆ. ಕಣ್ಣು, ಗುಂಡಿಗೆ ಹೊಂದಿಸುವುದು ಕಷ್ಟ ಅನ್ನಿಸಿದರೆ ಕೋಳಿ ಕಾಲಿನಿಂದ ಶುರುಮಾಡಿ. ಕತ್ತರಿಸಿದ ಕಡೆ ಕಾಣುವ ಬಿಳಿ ಹುರಿ ಎಳೆದರೆ ಬೆರಳು ಮಡಚುತ್ತದೆ. ಎಂಟನೇ ಕ್ಲಾಸಿನ ಮಕ್ಕಳು ಗಂಟೆ ಬಾರಿಸಿದರೂ ಬಿಟ್ಟು ಹೋಗುವುದಿಲ್ಲ.

ಆ ಹುಡುಗ ಎಸ್ಸೆಸ್ಸೆಲ್ಸಿ ಪಾಸಾದ. ಜಾಸ್ತಿ ಅಂಕ ಏನಲ್ಲ. ಈಗ ಅಪ್ಪನ ಜೊತೆ ಅಂಗಡಿಯಲ್ಲಿದ್ದಾನೆ. ಪಶುಸಂಗೋಪನೆಯ ಡಿಪ್ಲೊಮಾಗೆ ಹೋಗು ಅಂತ ಹೇಳುತ್ತಿದ್ದೇನೆ, ಮನೆಯಲ್ಲಿ ಇನ್ನೂ ಒಪ್ಪಿಲ್ಲ. ನಾನು ಬಿಟ್ಟಿಲ್ಲ.

ಕಳೆದ ವಾರ ಹೊಸ ಬ್ಯಾಚಿಗೆ ಶ್ವಾಸಕೋಶ ಬೇಕು ಅಂತ ಹೇಳಿಡಲು ಅಂಗಡಿಗೆ ಹೋಗಿದ್ದೆ. ಕೊಳವೆ ಎಷ್ಟು ಉದ್ದ ಬಿಡಬೇಕು ಅಂತ ಅವರಪ್ಪನಿಗೆ ಈಗ ಹೇಳಬೇಕಿಲ್ಲ. ಅವರೇ ಚಾಕು ಕೆಳಗಿಟ್ಟು ಬಂದು ಹೇಳಿದರು, "ಮಗ ಹೇಳಿದಾಗಿಂದ ನಾನೂ ನೋಡ್ತಾನೇ ಇದ್ದೀನಿ ಮೇಷ್ಟ್ರೆ. ಪ್ರತಿಯೊಂದರಲ್ಲೂ ಆ ಮೂರನೇದು ಇದೆ. ಮೂವತ್ತು ವರ್ಷದಿಂದ ಕತ್ತರಿಸಿ ಎಸೀತಿದ್ದೆ." ಸ್ವಲ್ಪ ಹೊತ್ತು ಬಿಟ್ಟು, ತಮ್ಮ ಎದೆಯ ಮೇಲೆ ಬೆರಳಿಟ್ಟು ಕೇಳಿದರು: "ನಮಗೆ ಯಾಕಿಲ್ಲ?"

ಬುಧವಾರ ಮಕ್ಕಳ ಮುಂದೆ ಮೊದಲು ಇದನ್ನೇ ಇಡಬೇಕು ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.